ಜಾವಾಕ್ಕೂ ಒಂದು ಗೇಟು

ಚಾಮರಾಜನಗರದಲ್ಲಿ ಜಾವಾ ಕಾರ್ಯಾಗಾರ. ಭಾಷಣ ಕಡಿಮೆ, ಕೂತು ಕೋಡ್ ಕುಟ್ಟುವುದೇ ಹೆಚ್ಚು. ಬೆಳಿಗ್ಗೆ ಕ್ಲಾಸ್, ಮಧ್ಯಾಹ್ನ ಆಬ್ಜೆಕ್ಟ್, ಸಂಜೆ ತಲೆನೋವು. ಗುಂಡ್ಲುಪೇಟೆ ಬಸ್ಸು ಹತ್ತಿದವರ ಮುಖ ನೋಡಿದರೇ ಯಾರಿಗೆಷ್ಟು ಎರರ್ ಬಂದಿದೆಯೆಂದು ಹೇಳಬಹುದು.

ಈ ಕ್ಲಾಸು-ಆಬ್ಜೆಕ್ಟುಗಳ ಪೀಕಲಾಟ ಹಚ್ಚಿದವರು ನಾರ್ವೆಯ ಡಾಲ್ ಮತ್ತು ನಿಗಾರ್ಡ್, 1960ರ ದಶಕದಲ್ಲಿ, ಸಿಮುಲಾ ಎಂಬ ಭಾಷೆ ಕಟ್ಟಿ. ಜೇಮ್ಸ್ ಗೋಸ್ಲಿಂಗ್ ತಂಡದ ಜಾವಾ ಹೊರಬಂದದ್ದು 1995ರಲ್ಲಿ. ಮೈಸೂರಿನಿಂದ ಹಿಸೆಯಾದ ನಮ್ಮ ಜಿಲ್ಲೆ 1997ರದ್ದು. ಅಂದರೆ ಜಾವಾ ನಮ್ಮ ಜಿಲ್ಲೆಗೇ ಅಣ್ಣ!

ದೊಡ್ಡಪ್ಪನಿಗೆ ಇನ್‌ಹೆರಿಟೆನ್ಸ್ ವಿವರಿಸಿದೆ. "ಪಾಣಿ ಯಾರ್ ಹೆಸ್ರಿಗ್ ಬಂತ್ಲಾ?" ಎಂದರು. ಜಾವಾದಲ್ಲಿ ಒಂದು ಕ್ಲಾಸಿಗೆ ಅಪ್ಪ ಒಬ್ಬನೇ, ಮಕ್ಕಳು ಎಷ್ಟಾದರೂ ಸರಿ, ಕೋರ್ಟಿನ ಅಲೆದಾಟವಿಲ್ಲ ಎಂದೆ. ನಂಬಲಿಲ್ಲ.

"ಮತ್ತೆ ಈ ಕೋಡ್‌ನಲ್ಲಿ ಪ್ರೈವೇಟ್ ಅಂದ್ರೆ?"

"ಬಂಡೀಪುರದ ರಸ್ತೆ ಇದ್ದಂಗೆ ದೊಡ್ಡಪ್ಪ. ರಾತ್ರಿ 9ರಿಂದ ಬೆಳಿಗ್ಗೆ 6ರ ತನಕ ಗೇಟು ಬಂದ್. ಆಂಬುಲೆನ್ಸು, ಕೆಲವು ಸರ್ಕಾರಿ ಬಸ್ಸು ಮಾತ್ರ ಬಿಡ್ತಾರಲ್ಲ, ಅವೇ ಪಬ್ಲಿಕ್ ಮೆಥಡ್‌ಗಳು."

"ಆನೆಗೆ?"

"ಆನೆ ಒಳಗಿನದೇ. ಅದಕ್ಯಾಕೆ ಪರ್ಮಿಷನ್?"

"ಹಂಗಾರೆ ನಮ್ ಹೊಲುಕ್ ಬಂದು ಜೋಳ ತಿಂದೋಯ್ತಲ್ಲ, ಅದ್ಯಾವ್ ಮೆಥಡ್‌ಲಾ?"

ಮೇಷ್ಟ್ರನ್ನು ಕೇಳಿ ಹೇಳುತ್ತೇನೆಂದು ಎದ್ದೆ.