ಅಂಚು ಬದಲಿಸಿ, ಮಿಕ್ಕಿದ್ದು ಬಿಡಿ

ಮನೆಯ ಹಳೇ ಸ್ಪೀಕರ್ ಜೋಡಿ ಒಂದು ದಿನ ಗೊರಗೊರ ಎನ್ನತೊಡಗಿದರೆ ಮನೆಯವರಲ್ಲಿ ಎರಡು ಪಕ್ಷಗಳಾಗುತ್ತವೆ. ಗುಜರಿಯವನಿಗೆ ಕೊಟ್ಟುಬಿಡಿ ಎನ್ನುವವರದು ಒಂದು, ಒಳಗಿರುವುದನ್ನೆಲ್ಲ ಕಿತ್ತು ಹೊಸದು ಹಾಕಿಸೋಣ ಎನ್ನುವವರದು ಇನ್ನೊಂದು. ಮೊದಲಿನವರು ಸ್ಪೀಕರನ್ನು ಪುಕ್ಕಟೆಯಾಗಿ ಕಸ ಮಾಡುತ್ತಾರೆ, ಎರಡನೆಯವರು ದುಡ್ಡು ಖರ್ಚು ಮಾಡಿ. ನಾನು ಎರಡೂ ಪಕ್ಷದಿಂದ ಹೊರಗಿರುವವನು. ಹಳೇ ಸ್ಪೀಕರಿನಲ್ಲಿ ಸಾಮಾನ್ಯವಾಗಿ ಕೆಡುವುದು ಅದರ ಅತ್ಯಂತ ಅಗ್ಗದ ಭಾಗ; ಅದೊಂದನ್ನು ಬದಲಿಸಿ ಸ್ಕ್ರೂಡ್ರೈವರ್ ಕೆಳಗಿಡಬಲ್ಲವನೇ ರಿಪೇರಿ ಬಲ್ಲವನು ಎಂಬುದು ನನ್ನ ವಾದ. ಮರದ ಪೆಟ್ಟಿಗೆ, ಅಯಸ್ಕಾಂತ, ಲೋಹದ ಚೌಕಟ್ಟು, ತಾಮ್ರದ ಸುರುಳಿ ಇವಕ್ಕೆಲ್ಲ ಐವತ್ತು ವರ್ಷ ದೊಡ್ಡದಲ್ಲ. ಕಾಗದದ ಕೋನನ್ನು ಚೌಕಟ್ಟಿಗೆ ಹಿಡಿದಿಡುವ ಬೆರಳಗಲದ ಫೋಮ್ ಅಂಚಿಗೆ ಮಾತ್ರ ಆ ಆಯುಸ್ಸಿಲ್ಲ. ಅದು ಪಾಲಿಯುರೆಥೇನ್, ಗಾಳಿಯ ತೇವ ಅದರ ಅಣುಗಳನ್ನು ನಿಧಾನವಾಗಿ ಬಿಡಿಸುತ್ತ ಹೋಗಿ, ಹದಿನೈದು ಇಪ್ಪತ್ತು ವರ್ಷಕ್ಕೆಲ್ಲ ಬೆರಳಿಗೆ ಮೆತ್ತಿಕೊಳ್ಳುವ ಪುಡಿ ಮಾಡಿಬಿಡುತ್ತದೆ. ಕರಾವಳಿಯ ಮಳೆಗಾಲಕ್ಕೆ ಸಿಕ್ಕಿದರೆ ಅಷ್ಟು ದಿನವೂ ಕಾಯಬೇಕಿಲ್ಲ. ‘ಒಂದು ದಿನವೂ ಹಾಡಿಸಿಲ್ಲ ಸಾರ್, ಹಾಗೇ ಕಪಾಟಿನಲ್ಲಿಟ್ಟಿದ್ದೆವು’ ಎಂದು ಮಾರುವವರು ಪ್ರಮಾಣ ಮಾಡುತ್ತಾರೆ. ಪ್ರಮಾಣ ನಿಜವೇ ಇರಬಹುದು. ಆದರೆ ಈ ಫೋಮ್ ಹಾಡಿದರೂ ಕೊಳೆಯುತ್ತದೆ, ಮೌನವ್ರತ ಹಿಡಿದರೂ ಕೊಳೆಯುತ್ತದೆ.

ಇದಕ್ಕೆ ಅಮೆರಿಕದ ಅಕೌಸ್ಟಿಕ್ ರಿಸರ್ಚ್ (ಎಆರ್) ಕಂಪನಿಗಿಂತ ಒಳ್ಳೆಯ ಸಾಕ್ಷಿ ಸಿಗುವುದು ಕಷ್ಟ. ಎಡ್ಗರ್ ವಿಲ್ಚರ್ ಮತ್ತು ಹೆನ್ರಿ ಕ್ಲಾಸ್ ಸೇರಿ 1954ರಲ್ಲಿ ಮೆಸಾಚುಸೆಟ್ಸಿನ ಕೇಂಬ್ರಿಜ್‌ನಲ್ಲಿ ಕಟ್ಟಿದ ಕಂಪನಿ ಅದು. ಅಲ್ಲಿಯವರೆಗೆ ಗಂಭೀರವಾದ ಕೆಳಸ್ವರ ಬೇಕೆಂದರೆ ಬೀರುವಿನಷ್ಟು ದೊಡ್ಡ ಪೆಟ್ಟಿಗೆಗೆ ಮನೆಯಲ್ಲಿ ಜಾಗ ಕೊಡಬೇಕಿತ್ತು. ವಿಲ್ಚರ್ ಚಿಕ್ಕ ಪೆಟ್ಟಿಗೆಯನ್ನು ಗಾಳಿ ಆಡದಂತೆ ಮುಚ್ಚಿ, ಒಳಗೆ ಸಿಕ್ಕಿಬಿದ್ದ ಗಾಳಿಯನ್ನೇ ಕೋನಿಗೆ ಸ್ಪ್ರಿಂಗ್ ಮಾಡಿದ. 1958ರ ಎಆರ್-3ರ ಹನ್ನೆರಡು ಇಂಚಿನ ವೂಫರಿಗೆ ಇದ್ದದ್ದು ಲೇಪ ಹಾಕಿದ ಬಟ್ಟೆಯ ಅಂಚು. 1967ರಲ್ಲಿ ಎಆರ್-3ಎ ಬಂತು. ಕೆಲವು ವರ್ಷಗಳಲ್ಲಿ ಅದರ ಬಟ್ಟೆ ಹೋಗಿ ಫೋಮ್ ಬಂತು. ಈಗ ನೋಡಿದರೆ ಮೊದಲು ಹುಟ್ಟಿದವು ತಮ್ಮ ಬಟ್ಟೆಯಲ್ಲೇ ಹಾಡಿಕೊಂಡಿವೆ, ಆಮೇಲೆ ಹುಟ್ಟಿದವು ಒಂದೋ ಎರಡೋ ಸಲ ಅಂಚು ಬದಲಿಸಿಕೊಂಡಿವೆ. ಆದ್ದರಿಂದ ಸ್ಪೀಕರಿಗೆ ಎಷ್ಟು ವಯಸ್ಸಾಯಿತು ಎಂಬ ಪ್ರಶ್ನೆಯಿಂದ ಏನೂ ತಿಳಿಯುವುದಿಲ್ಲ. ಅಂಚು ಯಾವುದರದ್ದು ಎಂದು ಕೇಳಬೇಕು.

ಹಾಗಾದರೆ ಫೋಮನ್ನು ಎಸೆದು ಬಟ್ಟೆಯನ್ನೇ ಹಾಕಬಹುದಲ್ಲ ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಅವರ ಕಣ್ಣ ಮುಂದಿರುವುದು ನಮ್ಮ ಮೈಕ್‌ಸೆಟ್ಟಿನ ಸ್ಪೀಕರು. ಜಾತ್ರೆ, ಯಕ್ಷಗಾನ, ಮದುವೆ ಚಪ್ಪರ ಎಂದು ಧೂಳು, ಇಬ್ಬನಿ ಕುಡಿದುಕೊಂಡು ಲಾರಿಯಲ್ಲಿ ಊರೂರು ಸುತ್ತುವ ಅದರ ಅಂಚು ನೆರಿಗೆ ಹಿಡಿದ ಗಟ್ಟಿ ಬಟ್ಟೆ. ಅದು ಕೊಳೆಯುವುದಿಲ್ಲ. ಅಲ್ಲಿ ಸುಟ್ಟುಹೋಗುವುದು ತಾಮ್ರದ ಸುರುಳಿ, ಅಂದರೆ ಕಾಯಿಲ್, ಏಕೆಂದರೆ ನಮ್ಮ ಭಕ್ತಿಗೂ ಸಡಗರಕ್ಕೂ ವಾಲ್ಯೂಮಿನ ಮಿತಿ ಇಲ್ಲ. ಹೀಗಾಗಿ ಮೈಕ್‌ಸೆಟ್ ರಿಪೇರಿಯವರಿಗೆ ಕೋನು, ಕಾಯಿಲ್ ಎಲ್ಲವನ್ನೂ ಒಟ್ಟಿಗೆ ಕಿತ್ತು ಹೊಸದು ಕೂರಿಸುವ ಅಭ್ಯಾಸ. ಅವರ ಕಸುಬಿಗೆ ಅದು ಸರಿ. ಅದೇ ಕೈಚಳಕವನ್ನು ಎಆರ್ ಮೇಲೆ ತೋರಿಸಿದರೆ ವಿಲ್ಚರನ ಲೆಕ್ಕವೆಲ್ಲ ಕೆಟ್ಟಿತು. ಅವನ ಕೋನಿಗೆ ಬಿಗಿ ಕೊಡುವುದು ಒಳಗಿನ ಗಾಳಿ. ಅಂಚು ತೀರಾ ಮೆತ್ತಗಿದ್ದು ಗಾಳಿ ಸೋರದಂತೆ ನೋಡಿಕೊಂಡರೆ ಸಾಕು. ಗಟ್ಟಿ ಅಂಚು ಕೂರಿಸಿದಿರೋ, ಕೆಳಸ್ವರ ಮೇಲಕ್ಕೇರಿಬಿಡುತ್ತದೆ. ಸದ್ದೇನೋ ಜೋರಾಗಿಯೇ ಬರುತ್ತದೆ, ಮೃದಂಗಕ್ಕೆ ಮಾತ್ರ ಎಡಭಾಗ ಇರುವುದಿಲ್ಲ. ಅಂಚು ಸರಿಯಾಗಿ ಕೂತಿದೆಯೇ ಎಂದು ತಿಳಿಯಲು ಕೋನನ್ನು ಎರಡೂ ಕೈಯ ಬೆರಳುಗಳಿಂದ ಸಮನಾಗಿ ಒಳಕ್ಕೆ ಒತ್ತಿ, ಸ್ವಲ್ಪ ಹಿಡಿದು ಬಿಡಬೇಕು. ಅದು ಸಾವಕಾಶವಾಗಿ ಹಿಂದಕ್ಕೆ ಬಂದರೆ ಪೆಟ್ಟಿಗೆ ಬಿಗಿಯಾಗಿದೆ. ಪಟ್ಟನೆ ಹಾರಿ ಬಂದರೆ ಎಲ್ಲೋ ಗಾಳಿ ಸೋರುತ್ತಿದೆ.

ಕೆಲಸವೇನು ಕಷ್ಟದ್ದಲ್ಲ, ತಾಳ್ಮೆಯದ್ದು. ಹಳೇ ಫೋಮಿನ ಅವಶೇಷವನ್ನೂ ಅಂಟನ್ನೂ ಕೆರೆದು, ಅಳತೆಗೆ ಸರಿಯಾದ ಹೊಸ ಬಳೆಯನ್ನು ಅಂಟಿಸಬೇಕು. ಅಯಸ್ಕಾಂತದ ಸಂದಿನಲ್ಲಿ ಕಾಯಿಲ್ಲಿನ ಎರಡು ಬದಿಗೂ ಇರುವ ಜಾಗ ಒಂದು ಮಿಲಿಮೀಟರಿಗಿಂತ ಕಡಿಮೆ. ನಡುವಿನ ಟೋಪಿ ಬಿಡಿಸಿ ಆ ಸಂದಿಗೆ ತೆಳು ಫಿಲ್ಮಿನ ಪಟ್ಟಿಗಳನ್ನು ಸಿಕ್ಕಿಸಿಕೊಳ್ಳಬಹುದು. ಇಲ್ಲವೇ ಅಂಟು ಹಸಿಯಿರುವಾಗಲೇ 20–30 ಹರ್ಟ್ಸ್‌ನ ಸ್ವರ ಸಣ್ಣಗೆ ಹಾಯಿಸಿ, ಕರಕರ ಇಲ್ಲದ ಜಾಗಕ್ಕೆ ಕೋನನ್ನು ಸರಿಸಿಕೊಳ್ಳಬಹುದು. ಇದಕ್ಕೆಲ್ಲ ಕೈಹಾಕುವ ಮೊದಲು ಎಆರ್ ಪೆಟ್ಟಿಗೆಯ ಹಿಂದಿರುವ, ಮೇಲುಸ್ವರದ ಮಟ್ಟ ಹೊಂದಿಸುವ ಎರಡು ಗುಬುಟುಗಳನ್ನು ಹತ್ತಾರು ಸಲ ಅತ್ತ ಇತ್ತ ತಿರುಗಿಸುವುದು ಜಾಣತನ. ಒಳಗೆ ಹಸಿರು ಕಿಲುಬು ಹಿಡಿದು ಸಂಪರ್ಕ ತಪ್ಪಿರುತ್ತದೆ. ‘ಟ್ವೀಟರ್ ಹೋಗಿದೆ’ ಎಂದು ತಜ್ಞರು ಸೂತಕ ಆಚರಿಸುತ್ತಿರುವಾಗಲೇ ಅದು ಎದ್ದು ಹಾಡಿದ ಪ್ರಸಂಗಗಳು ಉಂಟು.

ಇನ್ನು ಮಡಿವಂತರ ಆಕ್ಷೇಪ. ಒಂದು ಭಾಗ ಬದಲಿಸಿದರೂ ಮೂಲಸ್ವರೂಪ ಕೆಟ್ಟಂತೆ, ಆಮೇಲೆ ಅದು ಎಆರ್ ಹೇಗಾದೀತು ಎನ್ನುತ್ತಾರೆ. ಕಂಪನಿಯೇ ನಡುವೆ ಅಂಚು ಬದಲಿಸಿದ ಮೇಲೆ ಮೂಲ ಯಾವುದೆಂದು ಇವರು ಯಾವ ಪಂಚಾಂಗ ನೋಡಿ ನಿರ್ಣಯಿಸುತ್ತಾರೋ ತಿಳಿಯದು. ವಾಷಿಂಗ್ಟನ್ನಿನ ಸ್ಮಿತ್ಸೋನಿಯನ್ ಸಂಸ್ಥೆ ಒಂದು ಎಆರ್-3ನ್ನು ತನ್ನ ಸಂಗ್ರಹದಲ್ಲಿ ಇರಿಸಿಕೊಂಡಿದೆ. ಮಡಿ ಬೇಕಾದವರಿಗೆ ಅದೇ ಆದರ್ಶ, ಯಾರೂ ಮುಟ್ಟುವ ಹಾಗಿಲ್ಲ. ಮನೆಯ ಸ್ಪೀಕರು ಹಾಡಬೇಕಾದದ್ದು. ಹಾಡುವುದಕ್ಕೆ ಸವೆಯುವ ಭಾಗ ಬದಲಾಗಲೇಬೇಕು.

ಮಡಿವಂತರಾದರೂ ವಾಸಿ, ಸುಧಾರಕರನ್ನು ತಡೆಯುವುದು ಕಷ್ಟ. ಪೆಟ್ಟಿಗೆಯೊಳಗಿನ ಹಳೇ ಎಲೆಕ್ಟ್ರೋಲಿಟಿಕ್ ಕೆಪಾಸಿಟರುಗಳು ಒಣಗುತ್ತವೆ, ಅಳೆದು ನೋಡಿ ಬದಲಿಸಬೇಕು ಎಂಬುದು ಒಪ್ಪತಕ್ಕ ಮಾತು. ಸುಧಾರಕರು ಅಷ್ಟಕ್ಕೆ ನಿಲ್ಲುವವರಲ್ಲ. ಸ್ಪೀಕರಿಗಿಂತ ದುಬಾರಿಯಾದ ಫಿಲ್ಮ್ ಕೆಪಾಸಿಟರನ್ನು ವಿದೇಶದಿಂದ ತರಿಸುತ್ತಾರೆ. ಹಳೆಯದರೊಳಗೆ ಒಂದಿಷ್ಟು ರೋಧ ಇರುತ್ತದೆ. ವಿನ್ಯಾಸ ಮಾಡಿದವರು ಅದರ ಜೊತೆಯಲ್ಲೇ ಕಿವಿಗೊಟ್ಟು ಸ್ವರ ಹೊಂದಿಸಿರುತ್ತಾರೆ. ಫಿಲ್ಮಿನದರಲ್ಲಿ ಆ ರೋಧ ಇಲ್ಲವೆನ್ನುವಷ್ಟು ಕಡಿಮೆ, ಹಾಗಾಗಿ ಟ್ವೀಟರು ಚುಚ್ಚತೊಡಗುತ್ತದೆ. ಚುಚ್ಚುವುದನ್ನು ತಡೆಯಲು ಕೆಲವು ರೂಪಾಯಿಯ ರೆಸಿಸ್ಟರನ್ನು ಸಾಲಿನಲ್ಲಿ ಸೇರಿಸಬೇಕು, ಅಂದರೆ ಸಾವಿರಾರು ರೂಪಾಯಿ ಕೊಟ್ಟು ತೆಗೆಸಿದ ರೋಧವನ್ನು ಮತ್ತೆ ಒಳಗೆ ಕರೆದುಕೊಳ್ಳಬೇಕು. ಬಿಬಿಸಿಯ ಎಂಜಿನಿಯರುಗಳು 1970ರ ದಶಕದಲ್ಲಿ ಹೊರಾಂಗಣ ಪ್ರಸಾರದ ವ್ಯಾನಿನಂಥ ಇಕ್ಕಟ್ಟಿನ ಜಾಗಕ್ಕೆಂದು ಎಲ್ಎಸ್3/5ಎ ಎಂಬ ಪುಟ್ಟ ಸ್ಪೀಕರ್ ರೂಪಿಸಿದರು. ಅದರ ವೂಫರಿನ ಅಂಚು ರಬ್ಬರಿನದು, ಅದಕ್ಕೆ ಫೋಮಿನ ರೋಗವಿಲ್ಲ. ಲೈಸೆನ್ಸ್ ಪಡೆದ ಕಂಪನಿಗಳು ಬಿಬಿಸಿಯ ಮಾದರಿಗೆ ಹೊಂದುವಂತೆ ಬಿಗಿ ಅಳತೆಯಲ್ಲಿ ತಯಾರಿಸಿದ ಅದನ್ನೂ ಬಿಚ್ಚಿ, ಐವತ್ತು ವರ್ಷ ತಡವಾಗಿ ಬಿಬಿಸಿಯ ಲೆಕ್ಕ ತಿದ್ದಿಕೊಡುವ ಪರೋಪಕಾರಿಗಳಿದ್ದಾರೆ!

ಅದೇ ದುಡ್ಡಿಗೆ ಹೊಸ ಸ್ಪೀಕರ್ ಬರುವುದಿಲ್ಲವೇ ಎಂಬ ಪ್ರಶ್ನೆಯೊಂದು ಉಳಿಯಿತು. ಬರುತ್ತದೆ, ಚೆನ್ನಾಗಿಯೂ ಇರುತ್ತದೆ. ಸ್ಪೀಕರಿಗೂ ಪೆಟ್ಟಿಗೆಗೂ ಹೊಂದಿಕೆ ಮಾಡುವ ಎಂಜಿನಿಯರುಗಳಾದ ನೆವಿಲ್ ಥೀಲೆ, ರಿಚರ್ಡ್ ಸ್ಮಾಲ್ ಅವರ ಲೆಕ್ಕಾಚಾರಗಳು, ಆಮೇಲೆ ಕಂಪ್ಯೂಟರಿನ ಅಳತೆಗಳು ಬಂದ ಮೇಲೆ ಕಡಿಮೆ ಬೆಲೆಗೂ ಒಳ್ಳೆಯ ಸ್ಪೀಕರ್ ಸಾಧ್ಯವಾಯಿತು. ಆದರೆ ಕೆಳಸ್ವರಕ್ಕೆ ಬೇಕಾದಷ್ಟು ಗಾಳಿಯನ್ನು ತಳ್ಳುವ ಕೆಲಸದಲ್ಲಿ ಯಾವ ಸಂಶೋಧನೆಯೂ ರಿಯಾಯಿತಿ ತಂದಿಲ್ಲ. ಹನ್ನೆರಡು ಇಂಚಿನ ಕೋನು ಮನೆಯಲ್ಲಿ ಆಗಲೇ ಇರುವಾಗ, ಅದರ ಬಳೆ ಹರಿದದ್ದಕ್ಕೆ ಅಂಗೈಯಗಲದ ಬ್ಲೂಟೂತ್ ಡಬ್ಬಿಯನ್ನು ತಂದಿಡುವುದು ಯಾವ ಲೆಕ್ಕದಲ್ಲೂ ಉಳಿತಾಯವಲ್ಲ.

ಹೊಸ ಫೋಮೂ ಒಂದು ದಿನ ಪುಡಿಯಾಗುತ್ತದೆಯಲ್ಲ ಎಂದರೆ, ಆಗುತ್ತದೆ. ಅದಕ್ಕೇ ಅಂಚು ಬದಲಿಸಿದ ತಾರೀಖನ್ನು ಪೆಟ್ಟಿಗೆಯ ಒಳಗೆ ಪೆನ್ಸಿಲ್ಲಿನಲ್ಲಿ ಬರೆದಿಡಬೇಕು. ಮುಖ್ಯವಾಗಿ, ಆತುರಕ್ಕೆ ಬಿದ್ದು ಕ್ಷಣದಲ್ಲಿ ಕಚ್ಚಿಕೊಳ್ಳುವ ಅಂಟನ್ನು ಬಳಸಬಾರದು. ಮುಂದಿನ ಸಲ ಅದನ್ನು ಕೆರೆಯುವವರು ಯಾರೇ ಆಗಲಿ, ಅವರ ಬಾಯಿಂದ ಬರುವ ಮಾತನ್ನು ಯಾವ ಸ್ಪೀಕರಿನಲ್ಲೂ ಹಾಕುವ ಹಾಗಿರುವುದಿಲ್ಲ.