ಬಿಳಿ ಐದಕ್ಕಿಂತ ತುಸು ಮೇಲೆ

ಪುಣೆಯ ಎನ್‌ಐಬಿಎಂ ರಸ್ತೆಯ ಅಪಾರ್ಟ್‌ಮೆಂಟಿನಲ್ಲಿ ಕೂತು ಮೊಬೈಲ್ ಒತ್ತಿದರೆ ಕರಿಬೇವಿನಿಂದ ಹಿಡಿದು ಕಾರಿನ ಬ್ಯಾಟರಿಯವರೆಗೆ ಎಲ್ಲವೂ ಬಾಗಿಲಿಗೆ ಬರುತ್ತದೆ. ಸ್ಪೀಕರಿಗೆ ಚುಚ್ಚುವ ಕೇಬಲ್ಲೂ ಬರುತ್ತದೆ, ಎರಡೂ ತುದಿಗೆ ಕನೆಕ್ಟರ್ ಸಮೇತ, ವಾರಂಟಿ ಸಮೇತ. ಆದರೂ ಕೊಂಢವಾದಲ್ಲಿ ಒಂದು ಜಾತಿಯ ಗಂಡಸರಿದ್ದಾರೆ. ವಾರವಿಡೀ ಸಾಫ್ಟ್‌ವೇರ್ ಬರೆದು, ಶನಿವಾರ ಲುಲ್ಲಾನಗರದ ಟ್ರಾಫಿಕ್ಕಿನಲ್ಲಿ ಬೆಂದು, ಬುಧವಾರ ಪೇಠೆಯ ತಾಪಕೀರ್ ಗಲ್ಲಿಗೆ ಹೋಗಿ ಅದೇ ಕೇಬಲ್ಲನ್ನು ಬಿಡಿಬಿಡಿಯಾಗಿ ಕೊಂಡು ತರುವವರು. ಧಾರವಾಡದಿಂದ ಬಂದು ಇಲ್ಲಿ ನೆಲೆನಿಂತ ಒಬ್ಬ ಯಜಮಾನರನ್ನು ಮಾದರಿಗೆ ಇಟ್ಟುಕೊಳ್ಳಬಹುದು. ಹೆಸರು ಬೇಡ. ಅವರ ಕನ್ನಡಕ ಈ ಬರಹಗಾರನಿಗೂ ಸರಿಯಾಗಿ ಹೊಂದುತ್ತದೆ ಎಂಬಷ್ಟು ಸುಳಿವು ಸಾಕು.

ಶುರುವಾದದ್ದು ಭೀಮಸೇನ ಜೋಶಿಯವರಿಂದ. ಅವರ ಹಳೆಯ ಧ್ವನಿಮುದ್ರಣಗಳನ್ನು ಸರಿಯಾಗಿ ಕೇಳಬೇಕೆಂದು ಯಜಮಾನರು ಸ್ಟುಡಿಯೋ ಸ್ಪೀಕರಿನ ಜೋಡಿ ತಂದರು. ಸ್ವಿಚ್ ಹಾಕಿದೊಡನೆ, ಪಂಡಿತರಿಗಿಂತ ಮೊದಲು, ಗುಂಯ್ ಎಂಬ ಸದ್ದು ಹೊರಟಿತು. ಕಾರಣ ಸರಳ. ಲ್ಯಾಪ್‌ಟಾಪಿನ ಅರ್ಥಿಂಗ್ ಒಂದು ಸಾಕೆಟ್ಟಿನಿಂದ, ಸ್ಪೀಕರಿನದು ಇನ್ನೊಂದರಿಂದ. ನಡುವಿನ ಸಾದಾ ಕೇಬಲ್ಲು ಎರಡನ್ನೂ ಕೂಡಿಸಿ ಒಂದು ಬಳೆ ಮಾಡಿಬಿಡುತ್ತದೆ. ಆ ಬಳೆಯಲ್ಲಿ ಕರೆಂಟು ಸುತ್ತು ಹೊಡೆಯುತ್ತದೆ. ಸಾದಾ ಕೇಬಲ್ಲಿನಲ್ಲಿ ಹೊರಗಿನ ಶೀಲ್ಡೇ ಹಾಡಿನ ವಾಪಸು ದಾರಿಯೂ ಆದ್ದರಿಂದ ಕರೆಂಟು ಹಾಡಿನೊಳಗೆ ನುಗ್ಗುತ್ತದೆ.

ಇದಕ್ಕೆ ಮದ್ದು ಬ್ಯಾಲೆನ್ಸ್ಡ್ ಕೇಬಲ್ಲು. ಅದರಲ್ಲಿ ಹಾಡಿಗೆಂದೇ ಎರಡು ತಂತಿ, ಶೀಲ್ಡ್ ಬೇರೆ. ಹೊರಗಿನ ಗದ್ದಲ ಎರಡೂ ತಂತಿಗಳ ಮೇಲೆ ಸಮನಾಗಿ ಬೀಳುತ್ತದೆ. ಸ್ಪೀಕರ್ ಅವೆರಡರ ವ್ಯತ್ಯಾಸವನ್ನಷ್ಟೇ ತೆಗೆದುಕೊಳ್ಳುವುದರಿಂದ ಸಮನಾಗಿ ಬಿದ್ದದ್ದು ಕಳೆದು ಸೊನ್ನೆ. ಇದು ಹೊಸ ಜ್ಞಾನವಲ್ಲ. ಗದ್ದಲ ಸಮನಾಗಿಯೇ ಬೀಳಲೆಂದು ತಂತಿಗಳನ್ನು ಒಂದಕ್ಕೊಂದು ಹೊಸೆಯುವ ಉಪಾಯಕ್ಕೆ ಟೆಲಿಫೋನಿನ ಗ್ರಹಾಂ ಬೆಲ್ 1881ರಲ್ಲೇ ಪೇಟೆಂಟ್ ಪಡೆದಿದ್ದ. ‘ಸವಾಯಿ ಗಂಧರ್ವ ಉತ್ಸವದಾಗ ವೇದಿಕೆಯಿಂದ ಮಿಕ್ಸರಿನ ತನಕಾ ಇಂಥಾ ಕೇಬಲ್ಲ ಎಳೀತಾರ’ ಎಂದು ಯಜಮಾನರು ವಾದ ಹೂಡಿದರು. ಕುಂದಗೋಳದ ಗುರುವಿನ ನೆನಪಿಗೆ ಭೀಮಸೇನರು 1953ರಲ್ಲಿ ಪುಣೆಯಲ್ಲಿ ಶುರುಮಾಡಿದ ಉತ್ಸವವನ್ನು ಸಾಕ್ಷಿಗೆ ಕರೆದ ಮೇಲೆ ಕನ್ನಡತಿ ಹೆಂಡತಿ ಸುಮ್ಮನಾಗಬೇಕಿತ್ತು. ಆಗಲಿಲ್ಲ. ‘ಅಲ್ಲೆ ದೊಡ್ಡ ಮೈದಾನದ. ನಮ್ಮಲ್ಲೆ ಮೇಜಿನಿಂದ ಕಪಾಟಿಗೆ ಎಷ್ಟು ದೂರದ?’

ದೂರ ಒಂದು ಮಾರು.

ಇಂಥ ಕೇಬಲ್ಲಿನ ತುದಿಗೆ ಹಾಕುವ ಎಕ್ಸ್‌ಎಲ್‌ಆರ್ ಕನೆಕ್ಟರಿನಲ್ಲಿ ಮೂರು ಪಿನ್ನು. ಒಂದನೆಯದಕ್ಕೆ ಶೀಲ್ಡ್; ಹಾಡಿನ ಎರಡು ತಂತಿಗಳಲ್ಲಿ ಎರಡನೆಯದಕ್ಕೆ ಹಾಟ್, ಮೂರನೆಯದಕ್ಕೆ ಕೋಲ್ಡ್. ಹಾಟ್ ಎರಡಕ್ಕೋ ಮೂರಕ್ಕೋ ಎಂದು ತಯಾರಕರು ವರ್ಷಗಟ್ಟಲೆ ತಲೆಗೊಂದು ರೀತಿ ನಡೆದುಕೊಂಡರು. ಕೊನೆಗೆ ಆಡಿಯೋ ಎಂಜಿನಿಯರಿಂಗ್ ಸೊಸೈಟಿಯ 1992ರ ಮಾನದಂಡ ಎರಡು ಎಂದು ಬರೆದು ಮುಗಿಸಿತು. ಮಹಾಜನ ಆಯೋಗ 1967ರಲ್ಲೇ ವರದಿ ಕೊಟ್ಟರೂ ಮುಗಿಯದ ಗಡಿ ವಿವಾದ ಇನ್ನೊಂದಿದೆ. ಅದನ್ನು ಕೊಂಢವಾದ ಲಿಫ್ಟಿನಲ್ಲಿ ಯಾವ ಕನ್ನಡಿಗನೂ ಎತ್ತುವುದಿಲ್ಲ.

ಬೆಸುಗೆಯ ಸಂಗತಿ ಬೇಗ ಮುಗಿಸಬಹುದು. ಐರನ್ನಿಗೆ ಒಂದು ಕೈ, ಸೋಲ್ಡರ್ ತಂತಿಗೆ ಒಂದು, ಕನೆಕ್ಟರಿಗೆ ಒಂದು, ಕೇಬಲ್ಲಿಗೆ ಒಂದು: ಚತುರ್ಭುಜರಿಗೆ ಮೀಸಲಾದ ಕೆಲಸ. 63 ಪಾಲು ತವರ, 37 ಪಾಲು ಸೀಸದ ಸೋಲ್ಡರ್ 183 ಡಿಗ್ರಿಗೆ ಕರಗುತ್ತದೆ. ಐರನ್ನನ್ನು ಒಂದು ಚಣ ಹೆಚ್ಚಿಗೆ ಒತ್ತಿದರೆ ಪಿನ್ನು ಕೂತ ಪ್ಲಾಸ್ಟಿಕ್ಕೂ ಮೆತ್ತಗಾಗಿ ಪಿನ್ನು ವಾಲುತ್ತದೆ. ಅದಕ್ಕೇ ಬಲ್ಲವರು ಗಂಡು ಕನೆಕ್ಟರಿಗೆ ಹೆಣ್ಣು ಕನೆಕ್ಟರನ್ನು ಚುಚ್ಚಿಟ್ಟು ಬೆಸೆಯುತ್ತಾರೆ. ಏಳುವ ಹೊಗೆ ಸೀಸದ್ದಲ್ಲ, ರಾಳದ್ದು. ಅದೂ ಎದೆಗೆ ಒಳ್ಳೆಯದಲ್ಲ. ಸೀಸ ಬೆರಳಿಗೆ ಅಂಟುತ್ತದೆ, ಬೆರಳು ಚುರುಮುರಿ ಡಬ್ಬಿಗೆ ಹೋಗುತ್ತದೆ. ಯಜಮಾನರನ್ನು ಕೈ ತೊಳೆಯಲು ಅಟ್ಟುವ ಕೆಲಸ ಮಗಳದ್ದು.

ಒಂದು ಮಾತು ಮಾತ್ರ ಸಿಟ್ಟಿನಿಂದಲೇ ಹೇಳಬೇಕಾಗಿದೆ. ಗುಂಯ್ ಸದ್ದಿಗೆ ಮದ್ದು ಕೇಳಿದರೆ ‘ಪ್ಲಗ್ಗಿನ ಮೇಲಿನ ದಪ್ಪ ಪಿನ್ನು ಕಿತ್ತುಹಾಕಿ’ ಎನ್ನುವ ಪಂಡಿತರು ಪ್ರತಿ ಗಲ್ಲಿಯಲ್ಲೂ ಸಿಗುತ್ತಾರೆ. ಸದ್ದು ನಿಲ್ಲುವುದು ನಿಜ. ಆದರೆ ಆ ಪಿನ್ನು ಇರುವುದು ಸಂಗೀತಕ್ಕಲ್ಲ, ಜೀವಕ್ಕೆ. 1972ರ ಮೇ 3ರಂದು ವೇಲ್ಸ್‌ನ ಸ್ವಾನ್ಸಿಯಲ್ಲಿ ‘ಸ್ಟೋನ್ ದ ಕ್ರೋಸ್’ ತಂಡದ ಗಿಟಾರ್ ವಾದಕ ಲೆಸ್ ಹಾರ್ವಿ ಅರ್ಥಿಂಗ್ ಇಲ್ಲದ ಮೈಕನ್ನು ಮುಟ್ಟಿ, ಪ್ರೇಕ್ಷಕರ ಕಣ್ಣೆದುರೇ ಸತ್ತ. ವಯಸ್ಸು 27. ನಮ್ಮ ಗಣಪತಿ ಪೆಂಡಾಲುಗಳಲ್ಲಿ ಮಳೆನೀರಿನಲ್ಲಿ ನಿಂತು ಮೈಕ್ ಹಿಡಿಯುವ ಮಕ್ಕಳನ್ನು ಕಂಡಾಗ ಯಜಮಾನರ ಬಾಯಿಂದ ತಮಾಷೆ ಹೊರಡುವುದಿಲ್ಲ.

ಕೇಬಲ್ಲು ತಯಾರಾಯಿತು. ಈಗ ಲೋಕಕ್ಕೆ ತೋರಿಸಬೇಕು. ತೊಡಕು ಇಲ್ಲೇ: ಒಳ್ಳೆಯ ಕೇಬಲ್ಲಿನ ಸಾಧನೆಯೆಂದರೆ ಏನೂ ಕೇಳಿಸದಿರುವುದು. ಭಾನುವಾರ ಬೆಳಿಗ್ಗೆ ಅವ್ವ, ಹೆಂಡತಿ, ಮಗಳು ಮತ್ತು ಎದುರುಮನೆಯ ಮರಾಠಿ ಕಾಕಾ ಸೋಫಾದ ಮೇಲೆ ಸಾಲಾಗಿ ಕೂತರು. ಕಾಕಾರ ಕೈಯಲ್ಲಿ ಚಹಾ. ಯಜಮಾನರು ಸ್ಪೀಕರ್ ಹಾಕಿ, ವಾಲ್ಯೂಮನ್ನು ಪೂರ್ತಿ ತಿರುಗಿಸಿ, ಹಾಡನ್ನು ಮಾತ್ರ ಹಚ್ಚದೆ, ಕೈಕಟ್ಟಿ ನಿಂತರು.

‘ಕಾಯ್ ಐಕಾಯ್ಚಂ?’ (ಏನು ಕೇಳಬೇಕು?) ಎಂದರು ಕಾಕಾ.

‘ಕಾಹೀಚ್ ನಾಹೀ’ (ಏನೂ ಇಲ್ಲ) ಎಂದರು ಯಜಮಾನರು, ಹೆಮ್ಮೆಯಿಂದ.

ಎಲ್ಲರೂ ಏನೂ ಇಲ್ಲದ್ದನ್ನು ಕೇಳತೊಡಗಿದರು. ಮೇಲಿನ ಮನೆಯ ಮಿಕ್ಸರ್ ಕೇಳಿಸಿತು. ಕೆಳಗೆ ನೀರಿನ ಟ್ಯಾಂಕರಿನ ಪಂಪು, ವಾಚ್‌ಮನ್ನನ ಸೀಟಿ, ಯಾರದೋ ಕುಕ್ಕರಿನ ಮೂರನೆಯ ಕೂಗು. ‘ಅವನ್ನ ಬಿಡ್ರಿ, ಸ್ಪೀಕರಿನೊಳಗಿನದು ಕೇಳ್ರಿ’ ಎಂದು ಯಜಮಾನರು ಕಿವಿ ಹಿಡಿಯುವ ಜಾಗ ತೋರಿಸಿದರು. ಕಾಕಾ ಎದ್ದುಹೋಗಿ ಟ್ವೀಟರಿಗೆ ಕಿವಿ ಹಚ್ಚಿ, ‘ಸ್ಸ್ ಅಂತಿದೆಯಲ್ಲ’ ಎಂದು ಮರಾಠಿಯಲ್ಲಿ ಸಂಶಯಪಟ್ಟರು. ಅದು ಗುಂಯ್ ಅಲ್ಲ, ಬಿಸಿಗೆ ಎಲೆಕ್ಟ್ರಾನುಗಳು ಅತ್ತಿತ್ತ ಅಲೆಯುವ ಸದ್ದು, ಜಾನ್ಸನ್ ಮತ್ತು ನೈಕ್ವಿಸ್ಟ್ 1928ರಲ್ಲೇ ಲೆಕ್ಕ ಒಪ್ಪಿಸಿದ್ದಾರೆ, ಯಾವ ಬೆಸುಗೆಗೂ ಅದು ಬಗ್ಗುವುದಿಲ್ಲ ಎಂದು ಯಜಮಾನರು ವಿವರಿಸಿದರು. ಕಾಕಾ ಭಕ್ತಿಯಿಂದ ಇನ್ನೂ ಹತ್ತಿರ ಸರಿದರು. ಅದೇ ಗಳಿಗೆಗೆ ಲ್ಯಾಪ್‌ಟಾಪಿನಲ್ಲಿ ಸೊಸೈಟಿಯ ವಾಟ್ಸ್ಆ್ಯಪ್ ಗುಂಪಿಗೆ ‘ಟ್ಯಾಂಕರ್ ಆಲಾ’ (ಟ್ಯಾಂಕರ್ ಬಂತು) ಎಂಬ ಸಂದೇಶ ಬಂದು, ಪೂರ್ತಿ ವಾಲ್ಯೂಮಿನಲ್ಲಿ, ಎಳ್ಳಷ್ಟೂ ಕಲಬೆರಕೆಯಿಲ್ಲದೆ, ‘ಟಿಂಗ್’ ಎಂದಿತು. ಚಹಾ ನೆಲದ ಪಾಲಾಯಿತು. ಅಷ್ಟು ಸ್ವಚ್ಛವಾದ ಟಿಂಗ್ ಕೊಂಢವಾದಲ್ಲಿ ಹಿಂದೆ ಕೇಳಿಸಿರಲಾರದು ಎಂಬುದನ್ನು ಯಾರೂ ಗಮನಿಸಲಿಲ್ಲ.

ಕಾಕಾ ಹೋದ ಮೇಲೆ ಅವ್ವ ಬಾಯಿ ಬಿಟ್ಟರು. ‘ಮೊದಲ ಗುಂಯ್ ಅಂತಿತ್ತಲ್ಲೋ ತಮ್ಮಾ, ತಂಬೂರಿ ಹಂಗ. ಅದನ್ನ ಯಾಕ ತಗದಿ? ಮುಂಜಾನೆ ಅದರ ಶ್ರುತಿಗೇ ನಾ ಪದಾ ಹಾಡ್ತಿದ್ದೆ.’

ಯಜಮಾನರು ನಗಲು ಹೋಗಿ, ಲೆಕ್ಕಕ್ಕೆ ಕೂತರು. ಮನೆಯ ಕರೆಂಟು 50 ಹರ್ಟ್ಜ್. ಹಾರ್ಮೋನಿಯಂನ ಬಿಳಿ ಐದನ್ನು ಕೆಳಗಿನ ಸಪ್ತಕಗಳಿಗೆ ಇಳಿಸಿದರೆ 49. ಅಂದರೆ ಆ ಗುಂಯ್ ಬಿಳಿ ಐದಕ್ಕಿಂತ ತುಸುವೇ ಮೇಲೆ. ಅದರೊಡನೆ ಬರುವ 100 ಮೇಲಿನ ಷಡ್ಜ, 150 ಅಪ್ಪಟ ಪಂಚಮ. ಅವ್ವನ ಕಿವಿ ಹೇಳಿದ್ದು ಸರಿ, ಅದು ತಂಬೂರಿಯೇ. ಬಿರಡೆ ತಿರುಗಿಸುವ ಕಷ್ಟವೂ ಇಲ್ಲ, ಗ್ರಿಡ್ಡಿನವರೇ ಅದನ್ನು 49.90ರಿಂದ 50.05ರ ಒಳಗೆ ಹಿಡಿದಿಡಲು ಹಗಲೂರಾತ್ರಿ ಕಾಯುತ್ತಾರೆ. ಇನ್ನೂ ಸೊಗಸಿನ ಸಂಗತಿಯೆಂದರೆ, 2013ರ ಡಿಸೆಂಬರ್ 31ರಂದು ರಾಯಚೂರು–ಸೊಲ್ಲಾಪುರದ 765 ಕಿಲೋವೋಲ್ಟ್ ಲೈನಿನಿಂದ ದಕ್ಷಿಣದ ಗ್ರಿಡ್ಡು ದೇಶದ ಉಳಿದ ಗ್ರಿಡ್ಡಿಗೆ ಕೂಡಿಕೊಂಡಿತು. ಅಂದಿನಿಂದ ಧಾರವಾಡದ ಫ್ರಿಜ್ಜೂ ಪುಣೆಯ ಫ್ರಿಜ್ಜೂ ಒಂದೇ ಶ್ರುತಿಯಲ್ಲಿ ಗುನುಗುತ್ತಿವೆ. ತವರುಮನೆಯಲ್ಲಿ ಕೇಳುತ್ತಿದ್ದ ಷಡ್ಜವನ್ನೇ ಅವ್ವ ಕೊಂಢವಾದಲ್ಲೂ ಕೇಳುತ್ತಿದ್ದರು, ಮಗ ಅದನ್ನು ಬೆಸುಗೆ ಹಾಕಿ ಬಾಯಿ ಮುಚ್ಚಿಸಿದ್ದ.

ಈಗ ಒಪ್ಪಂದವಾಗಿದೆ. ಮುಂಜಾನೆ ಎಂಟರವರೆಗೆ ಹಳೆಯ ಕೇಬಲ್ಲು, ಆಮೇಲೆ ಹೊಸದು. ದಿನಾ ಕಿತ್ತು ಚುಚ್ಚುವ ಬದಲು ನಡುವೆ ಒಂದು ಸ್ವಿಚ್ ಬಾಕ್ಸ್ ಇದ್ದರೆ ಚೆಂದ. ಅದಕ್ಕೆ ಪ್ಲಾಸ್ಟಿಕ್ ಡಬ್ಬಿ ಆಗದು, ಶೀಲ್ಡಿಗೆ ಲೋಹದ್ದೇ ಬೇಕು. ಬುಧವಾರ ಪೇಠೆಗೆ ಹೋಗಲು ಶನಿವಾರದವರೆಗೆ ತಾಳ್ಮೆ ಯಾರಿಗಿದೆ? ಡ್ರಿಲ್ಲಿನ ಸದ್ದು ನಿಂತಾಗ ಅಡಿಗೆಮನೆಯಿಂದ ದನಿ ಬಂತು.

‘ಅಲ್ರೀ, ಸಾರಿನಪುಡಿ ಡಬ್ಬಿ ಎಲ್ಲದ? ಪುಡಿ ಎದರಾಗ ಸುರುವೀರಿ?’