ಖಗೋಳ ಛಾಯಾಗ್ರಹಣ ಮೀಮಾಂಸೆ: ಪ್ರಥಮ ಪಾದ

ಡಿಜಿಟಲ್ ಕ್ಯಾಮೆರಾ ಹಿಡಿದು ನಕ್ಷತ್ರಗಳಿಗೆಂದು ಹೊರಟು ಮೋಡಗಳೊಂದಿಗೆ ಮರಳುವ ವಿದ್ಯೆಗೆ ಖಗೋಳ ಛಾಯಾಗ್ರಹಣವೆಂದು ಹೆಸರು. ಎಲ್ಲ ಶಾಸ್ತ್ರಗಳಿಗಿರುವಂತೆ ಇದಕ್ಕೂ ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ ಎಂಬ ಅನುಬಂಧ ಚತುಷ್ಟಯವಿದೆ. ವಿಷಯ ಆಕಾಶ. ಪ್ರಯೋಜನ ವಿವಾದಾಸ್ಪದ. ಸಂಬಂಧ ಕೆಡುವ ಬಗೆಯನ್ನು ಮುಂದೆ ಹೇಳಲಾಗುವುದು.

ಮದುವೆ ಮುಂಜಿಗಳಿಗೆಂದು ಕೊಂಡ ಕ್ಯಾಮೆರಾ, ಅದರೊಂದಿಗೇ ಬಂದ 18–55 ಮಿ.ಮೀ. ಲೆನ್ಸ್, ಗಾಳಿಗೆ ಅಲುಗದ ಟ್ರೈಪಾಡ್, ಇಷ್ಟುಳ್ಳವರು ಅಧಿಕಾರಿಗಳು. ದೂರದರ್ಶಕವೂ ಬೇಕೆಂಬುದು ಅಂಗಡಿಯವರ ಮತ. ಆರಂಭಿಕರ ವಿಷಯದಲ್ಲಿ ಅದು ಗ್ರಾಹ್ಯವಲ್ಲ. ತಾಳ್ಮೆಯಂತೂ ಅನಿವಾರ್ಯ. 1880ರ ಸೆಪ್ಟೆಂಬರ್ 30ರಂದು ಹೆನ್ರಿ ಡ್ರೇಪರ್ ಒರಾಯನ್ ನೀಹಾರಿಕೆಯ ಮೊದಲ ಛಾಯಾಚಿತ್ರ ತೆಗೆಯಲು ಸುಮಾರು 50 ನಿಮಿಷ ಬೆಳಕು ಕೂಡಿಸಬೇಕಾಯಿತು. ಒಂದೇ ಒತ್ತಿಗೆ ಅದು ಬರಲಿಲ್ಲವೆಂದು ಕ್ಯಾಮೆರಾವನ್ನು ಬೈಯುವವರು ಈ ಇತಿಹಾಸವನ್ನು ಓದಿಲ್ಲ.

ಇನ್ನು ಕಾಲನಿರ್ಣಯ. ಅಮಾವಾಸ್ಯೆಯ ರಾತ್ರಿ ಮನೆಯಿಂದ ಹೊರಗೆ ಕಾಲಿಡಬಾರದೆಂಬುದು ಅಜ್ಜಿಯ ಶಾಸ್ತ್ರ. ಅಮಾವಾಸ್ಯೆಯಲ್ಲದೆ ಮತ್ತಾವ ರಾತ್ರಿಯೂ ಹೊರಗೆ ಕಾಲಿಡಬಾರದೆಂಬುದು ಈ ಶಾಸ್ತ್ರ. ಸಮನ್ವಯ ಸಾಧ್ಯವಾಗಿಲ್ಲ. ಧನು ರಾಶಿಯ ದಿಕ್ಕಿನಲ್ಲಿರುವ ಕ್ಷೀರಪಥದ ಕೇಂದ್ರವು ಸಂಜೆ ಕಳೆದ ಮೇಲೆ ಚೆನ್ನಾಗಿ ಮೇಲೇರಿ ನಿಲ್ಲುವುದು ಜೂನ್‌ನಿಂದ ಆಗಸ್ಟ್‌ವರೆಗೆ. ಕರ್ನಾಟಕದಲ್ಲಿ ಆ ಮೂರು ತಿಂಗಳು ಮುಂಗಾರಿಗೆ ಮೀಸಲು. ಮಾರ್ಚ್‌ನಲ್ಲಿ ಆಕಾಶ ತಿಳಿಯಾಗಿರುತ್ತದೆ, ಕೇಂದ್ರವೂ ಕಾಣುತ್ತದೆ, ಆದರೆ ಬ್ರಾಹ್ಮೀ ಮುಹೂರ್ತದಲ್ಲಿ. ಹೊಸ ಲೆನ್ಸ್ ಕೊಂಡ ದಿನ ಮೋಡ ಕವಿಯುವುದಕ್ಕೆ ಹವಾಮಾನಶಾಸ್ತ್ರದಲ್ಲಿ ಕಾರಣ ಹೇಳಿಲ್ಲ. ಇಲ್ಲಿ ಅದನ್ನು ಸ್ವಯಂಸಿದ್ಧವೆಂದು ಅಂಗೀಕರಿಸಲಾಗಿದೆ.

ದೇಶನಿರ್ಣಯಕ್ಕೆ ಜಾನ್ ಬಾರ್ಟಲ್ 2001ರಲ್ಲಿ ಪ್ರಕಟಿಸಿದ ಮಾಪಕವೇ ಪ್ರಮಾಣ. ಅದರಲ್ಲಿ ಆಕಾಶಕ್ಕೆ 9 ತರಗತಿಗಳು. ಒಂದನೆಯದು ಅತ್ಯಂತ ಕಪ್ಪು, ಒಂಬತ್ತನೆಯದು ಮಹಾನಗರದ ನಡುಭಾಗ. ಶಾಲೆಗೆ ವಿರುದ್ಧವಾಗಿ ಇಲ್ಲಿ ತರಗತಿ ಏರಿದಂತೆ ಕಾಣುವುದು ಕಡಿಮೆಯಾಗುತ್ತದೆ. ಪಂಡಿತರೂ ಈ ನಿಯಮಕ್ಕೆ ತಲೆಬಾಗಿದ್ದಾರೆ: ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯು ತನ್ನ 2 ಮೀಟರ್ ದೂರದರ್ಶಕವನ್ನು ಲಡಾಖಿನ ಹಾನ್ಲೆಯಲ್ಲಿ, ಸುಮಾರು 4,500 ಮೀಟರ್ ಎತ್ತರದಲ್ಲಿ ಇಟ್ಟು, ಹೊಸಕೋಟೆಯಲ್ಲಿ ಕುಳಿತು ಉಪಗ್ರಹದ ಮೂಲಕ ನಡೆಸುತ್ತದೆ. ಅಧಿಕಾರಿಗೆ ಉಪಗ್ರಹವಿಲ್ಲವಾದ್ದರಿಂದ ಸ್ವತಃ ಹೊರಡಬೇಕು. ಜೊತೆಗೆ ಬಂದ ಭಾವಮೈದುನ ಸಹಾಯ ಮಾಡಲೆಂದು ಫೋನಿನ ಟಾರ್ಚ್ ಹಚ್ಚಿದರೆ, ಕತ್ತಲಿಗೆ ಅರ್ಧ ಗಂಟೆಯಲ್ಲಿ ಹೊಂದಿಕೊಂಡ ಕಣ್ಣು ಒಂದು ಕ್ಷಣದಲ್ಲಿ ಕುರುಡಾಗುತ್ತದೆ. ಕೆಂಪು ಬೆಳಕು ಮಾತ್ರ ವಿಹಿತ. ಸಂಬಂಧ ಕೆಡುವ ಸ್ಥಾನ ಇದೇ.

ಪ್ರಯೋಗಕ್ರಮದಲ್ಲಿ ಮೊದಲನೆಯದು ಫೋಕಸ್. ಆಟೋಫೋಕಸ್ ಕತ್ತಲಲ್ಲಿ ಗುರಿ ಸಿಗದೆ ಮುಂದಕ್ಕೂ ಹಿಂದಕ್ಕೂ ತಡಕಾಡುವುದರಿಂದ ಅದನ್ನು ನಿಲ್ಲಿಸಿ, ಪ್ರಖರವಾದ ನಕ್ಷತ್ರವೊಂದನ್ನು ಕ್ಯಾಮೆರಾದ ಪರದೆಯ ಮೇಲೆ ಹಿಗ್ಗಿಸಿ, ಅದು ಅತಿ ಸಣ್ಣ ಚುಕ್ಕೆಯಾಗುವವರೆಗೆ ಉಂಗುರವನ್ನು ಕೈಯಿಂದ ತಿರುಗಿಸಬೇಕು. ಲೆನ್ಸಿನ ಮೇಲೆ ಬರೆದ ಅನಂತದ ಗುರುತನ್ನು ನಂಬಬಾರದು; ಅನಂತವು ಅದರ ಆಚೀಚೆ ಎಲ್ಲೋ ಇರುತ್ತದೆ. ಮುಂದಿನದು 500ರ ಸೂತ್ರ: ಲೆನ್ಸಿನ ನಾಭಿದೂರವನ್ನು ಸೆನ್ಸಾರ್‌ನ ಗುಣಕದಿಂದ ಗುಣಿಸಿ, ಬಂದದ್ದರಿಂದ 500ನ್ನು ಭಾಗಿಸಬೇಕು. 18 ಮಿ.ಮೀ., ಗುಣಕ 1.5 ಆದರೆ ಸುಮಾರು 18 ಸೆಕೆಂಡು. ಅದಕ್ಕಿಂತ ಹೆಚ್ಚು ಹೊತ್ತು ಶಟರ್ ತೆರೆದಿಟ್ಟರೆ ಭೂಮಿ ತಿರುಗುವುದು ಎದ್ದು ಕಂಡು ಚುಕ್ಕೆಗಳು ಗೆರೆಗಳಾಗುತ್ತವೆ. ಆಗ ಚಿತ್ರಕ್ಕೆ ‘ನಕ್ಷತ್ರಪಥ’ವೆಂದು ಶೀರ್ಷಿಕೆ ಕೊಟ್ಟು, ಉದ್ದೇಶವೇ ಅದಾಗಿತ್ತೆಂದು ಹೇಳುವುದು ಶಿಷ್ಟಾಚಾರ. ಐಎಸ್‌ಒ 1600ರಿಂದ 3200. ಕಡತ ರಾ ರೂಪದಲ್ಲಿರಬೇಕು. ಬೆರಳಿನ ಕಂಪನ ತಪ್ಪಿಸಲು ಟೈಮರ್.

ಒಂದೇ ಚಿತ್ರದಲ್ಲಿ ತೃಪ್ತರಾಗುವವರು ಪ್ರಥಮ ಪಾದದಲ್ಲೇ ಉಳಿಯುತ್ತಾರೆ. ಒಂದೇ ದೃಶ್ಯವನ್ನು 16 ಸಲ ತೆಗೆದು ಕಂಪ್ಯೂಟರಿನಲ್ಲಿ ಒಂದರ ಮೇಲೊಂದು ಪೇರಿಸಿ ಸರಾಸರಿ ಹಿಡಿದರೆ ಯಾದೃಚ್ಛಿಕ ಕಲಮಲ (ನಾಯ್ಸ್) 16ರ ವರ್ಗಮೂಲದಷ್ಟು, ಅಂದರೆ ನಾಲ್ಕರಲ್ಲೊಂದಕ್ಕೆ ಇಳಿಯುತ್ತದೆ. ಸೆನ್ಸಾರ್‌ನ ಸ್ವಂತ ದೋಷ ಕಳೆಯಲು ಲೆನ್ಸಿಗೆ ಮುಚ್ಚಳ ಹಾಕಿಕೊಂಡು ಅಷ್ಟೇ ಸೆಕೆಂಡುಗಳ ಕೆಲವು ಚಿತ್ರಗಳನ್ನೂ ತೆಗೆಯಬೇಕು. ನಡುರಾತ್ರಿ ಬಯಲಿನಲ್ಲಿ ಮುಚ್ಚಿದ ಕ್ಯಾಮೆರಾ ಕ್ಲಿಕ್ಕಿಸುವವರನ್ನು ಗಸ್ತಿನ ಪೊಲೀಸರು ವಿಚಾರಿಸುವುದು ಸಹಜ. ಉತ್ತರ ಮೊದಲೇ ಸಿದ್ಧವಿರಲಿ. ಮೋಡ ಕವಿದರೂ ಕೆಡದ ಚಿತ್ರ ಇದೊಂದೇ.

ಪೂರ್ವಪಕ್ಷ: ಹಬಲ್ ತೆಗೆದ ಚಿತ್ರಗಳು ಪುಕ್ಕಟೆ ಸಿಗುವಾಗ ಈ ಪಾಡೇಕೆ? ಸಿದ್ಧಾಂತ: ಆಂಡ್ರೊಮಿಡಾದಿಂದ ಸುಮಾರು 25 ಲಕ್ಷ ವರ್ಷಗಳ ಹಿಂದೆ ಹೊರಟ ಬೆಳಕಿನಲ್ಲಿ ಅಧಿಕಾರಿಯ ಸೆನ್ಸಾರ್‌ಗೆ ಬಿದ್ದ ಕಣಗಳು ಹಬಲ್‌ಗೆ ಸಿಕ್ಕಿಲ್ಲ, ಇನ್ನು ಸಿಕ್ಕುವಂತೆಯೂ ಇಲ್ಲ. ಈ ವಾದವನ್ನು ಈವರೆಗೆ ಯಾರೂ ಖಂಡಿಸಿಲ್ಲ. ಚಿತ್ರದ ಮೂಲೆಯಲ್ಲಿ ಕಾಣುವ ಮಸುಕು ಆಂಡ್ರೊಮಿಡಾವೋ ಲೆನ್ಸಿನ ಮೇಲೆ ಕೂತ ಇಬ್ಬನಿಯೋ ಎಂಬ ವಿಷಯದಲ್ಲಿ ಮಾತ್ರ ಮನೆಯವರಿಗೂ ಅಧಿಕಾರಿಗೂ ಮತಭೇದವಿದೆ.